ನಾರ್ವೆಯಲ್ಲಿ ಹೆಪ್ಪು ತೊಳೆದ ಕಥೆ

ಗೊಬ್ಬೂರ

ಕಾಡಿನ ಎಲೆ ಹಾಕಿ ಕುದಿಸಿದ ಬಿಯರ್ ಹೇಗಿತ್ತು ಎಂದು ಕೇಳಿದವರಿಗೆಲ್ಲ ಈ ಒಂದು ವರ್ಷದಲ್ಲಿ ನಾನು ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಕಾಲೇಜಿನ ಸಹೋದ್ಯೋಗಿಗಳಿಗೆ ದವನದ ವಾಸನೆ ಇತ್ತು ಎಂದೆ. ತಮ್ಮನಿಗೆ ಮೋಸಂಬಿ ಸಿಪ್ಪೆ ಕಚ್ಚಿದಂತಿತ್ತು ಎಂದೆ. ಅವ್ವನಿಗೆ, ಮುಟ್ಟೇ ಇಲ್ಲ ಎಂದೆ. ಮೂರರಲ್ಲಿ ಒಂದು ಶುದ್ಧ ಸುಳ್ಳು. ಉಳಿದ ಎರಡು ನಿಜವೇ ಎಂದು ಕೇಳಿದರೆ ಖಾತ್ರಿಯಿಲ್ಲ. ಆವತ್ತು ನನ್ನ ನಾಲಿಗೆ ನನ್ನ ಸ್ವಾಧೀನದಲ್ಲಿ ಇರಲಿಲ್ಲ.

ನನ್ನ ಊರು ಆಳಂದ ತಾಲ್ಲೂಕಿನ ಸರಸಂಬಾ. ಜೇವರ್ಗಿಯ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವವಳು. ನಾರ್ವೆಗೆ ಕರೆ ಬಂದದ್ದು ಮಾತ್ರ ನನಗಲ್ಲ, ಅಫಜಲಪುರ ತಾಲ್ಲೂಕಿನ ಗೊಬ್ಬೂರದಲ್ಲಿರುವ ನನ್ನ ಚಿಗವ್ವ ನಾಗಮ್ಮನಿಗೆ. ಚಿಗವ್ವ ಎಂದರೆ ಅವ್ವನ ತಂಗಿ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಬಿತ್ತದೆ ಬೆಳೆಯುವ ಹೊಲದ ಸೊಪ್ಪು-ಪಲ್ಯಗಳಲ್ಲಿ ಯಾವುದನ್ನು ಹಸಿ ತಿನ್ನಬೇಕು, ಯಾವುದನ್ನು ಕುದಿಸಿ ಬಸಿಯಬೇಕು, ಯಾವುದನ್ನು ಬಾಣಂತಿಗೆ ಕೊಡಬೇಕು ಎಂದು ಕೇಳಿದರೆ ಅವಳ ಬಾಯಿ ನಿಲ್ಲುವುದಿಲ್ಲ. ಕಾಡುಸೊಪ್ಪು ಹುಡುಕಿ ತಿನ್ನುವ ಮಂದಿಯ ಒಂದು ಕೂಟ ಆ ದೇಶದಲ್ಲಿದೆಯಂತೆ. ಅವರು ಅವಳ ಮಾತು ಕೇಳಬೇಕೆಂದರು. ಅವಳ ಮಾತನ್ನು ಇಂಗ್ಲಿಷಿಗೆ ತರಲು ಜೊತೆಗೆ ನಾನು.

ಕೂಟ ಮುಗಿದ ಮೇಲೆ ನಾಲ್ಕು ದಿನ ಒಂದು ಹಳ್ಳಿಯಲ್ಲಿ, ಸೊಪ್ಪು ಹಾಕಿ ಬಿಯರ್ ಮಾಡುವವರ ಮನೆಯಲ್ಲಿ ಇರಬೇಕು ಎಂದು ತಿಳಿದಾಗ ಚಿಗವ್ವನ ಕೈ ಕೊರಳಿನ ತುಳಸಿ ಮಣಿಗಳ ಮೇಲೆ ಹೋಯಿತು. ಪಂಢರಪುರಕ್ಕೆ ನಡೆದು ಹೋಗಿ ಮಾಳ ಹಾಕಿಸಿಕೊಂಡವಳು ಅವಳು. ಹೆಂಡ, ಖಂಡ ಎರಡೂ ವರ್ಜ್ಯ. ನೀನು ಕುಡಿಯಬೇಕಾಗಿಲ್ಲ, ಎಲೆ ನೋಡಿದರೆ ಸಾಕು ಎಂದೆ. ಅವಳು ಮಣಿಗಳಿಂದ ಕೈ ತೆಗೆದಳು.

"ನೋಡಾಕ ಏನ್ ಅಡ್ಡಿ ಬೇ. ಕಣ್ಣಿಗೇನು ಮಾಳ ಹಾಕಿಲ್ಲ."

ನಾರ್ವೆಯ ವಿಮಾನ ನಿಲ್ದಾಣದಲ್ಲಿ ಅವಳ ಚೀಲದೊಳಗಿನ ಶೇಂಗಾ ಹಿಂಡಿಯ ಡಬ್ಬಿಗಳ ಮೇಲೆ ಒಬ್ಬ ಅಧಿಕಾರಿಗೆ ಸಂಶಯ ಬಂತು. ಕೆಂಪು ಪುಡಿ, ಅದೂ ಎರಡು ಡಬ್ಬಿ. ನಾನು ಚಟ್ನಿಪುಡಿ ಎನ್ನುವುದಕ್ಕೆ ಇಂಗ್ಲಿಷ್ ಹುಡುಕುವಷ್ಟರಲ್ಲಿ ಅವರು ಮುಚ್ಚಳ ತೆಗೆದು ಮೂಗು ಹತ್ತಿರ ಒಯ್ದು ಜೋರಾಗಿ ಉಸಿರೆಳೆದುಕೊಂಡರು. ಆಮೇಲೆ ಸೀನತೊಡಗಿದರು. ಐದನೆಯ ಸೀನಿಗೆ ಕೈ ಬೀಸಿ ನಮ್ಮನ್ನು ಮುಂದೆ ಕಳಿಸಿದರು. ಚಿಗವ್ವ ಹೋಗುತ್ತಾ ಅವರಿಗೆ ಒಂದು ಖಡಕ್ ರೊಟ್ಟಿ ಮುರಿದು ಕೊಡಲು ನಿಂತಳು. ನಾನು ಎಳೆದುಕೊಂಡು ಹೋದೆ.

ಕಣಿವೆಯ ಮನೆ, ಬುಧವಾರ

ಕೂಟ ಮುಗಿದ ಮೇಲೆ, ಬಿಯರ್ ಮಾಡುವ ಮನೆಯ ಇಂಗ್ರಿಡ್ ಎಂಬುವರು ನಮ್ಮನ್ನು ಕರೆದೊಯ್ಯಲು ಬಂದಿದ್ದರು. ಅರವತ್ತು ದಾಟಿದ ಹೆಂಗಸು, ಅಂಚೆ ಕಚೇರಿಯ ಕೆಲಸದಿಂದ ನಿವೃತ್ತರು. ಮೊಣಕಾಲಿನವರೆಗೆ ರಬ್ಬರ್ ಬೂಟು. ಅವರ ಮನೆ ಕಟ್ಟಿಗೆಯದು, ಮಾಳಿಗೆಯ ಮೇಲೆ ಹುಲ್ಲು ಬೆಳೆದಿತ್ತು. ಮಾಳಿಗೆ ಮೇಲೆ ಹುಲ್ಲು ಬಂದರೆ ನಮ್ಮಲ್ಲಿ ಮನೆಯವರು ಸೋಮಾರಿಗಳೆಂದು ಊರು ಆಡಿಕೊಳ್ಳುತ್ತದೆ. ಇಲ್ಲಿ ಅದನ್ನು ಬೇಕೆಂದೇ ಬೆಳೆಸುತ್ತಾರೆ ಎಂದಾಗ ಚಿಗವ್ವ, ಹಾಗಾದರೆ ಆಡನ್ನು ಎಲ್ಲಿ ಕಟ್ಟುತ್ತಾರೆಂದು ಕೇಳಿದಳು. ಬಾಗಿಲಲ್ಲಿ ಎಲ್ಲರೂ ಬೂಟು ಕಳಚಿದ್ದು ನೋಡಿ ಅವಳಿಗೆ ಸಮಾಧಾನವಾಯಿತು. ಮಂದಿ ನಮ್ಮವರೇ ಎಂದಳು.

ಊಟಕ್ಕೆ ಕೂತಾಗ ಗೊತ್ತಾಯಿತು, ಪೂರ್ತಿ ನಮ್ಮವರಲ್ಲ. ಇಂಗ್ರಿಡ್ ಬೇಯಿಸಿದ ಆಲೂಗಡ್ಡೆಯ ಬೋಗುಣಿ ಮುಂದೆ ಹಿಡಿದರು. ಚಿಗವ್ವ ರೂಢಿಯಂತೆ ಬೇಡ ಎಂದಳು. ಇನ್ನೊಮ್ಮೆ ಕೇಳಬೇಕು, ಆಗಲೂ ಬೇಡ ಅನ್ನಬೇಕು, ಮೂರನೆಯ ಸಲ ಬಡಿಸಿಯೇ ಬಿಡಬೇಕು. ಇಂಗ್ರಿಡ್ ತಲೆಯಾಡಿಸಿ ಬೋಗುಣಿಯನ್ನು ಒಳಗೆ ಒಯ್ದುಬಿಟ್ಟರು. ಚಿಗವ್ವ ಆ ಬಾಗಿಲನ್ನೇ ನೋಡುತ್ತ ಕೂತಳು. ಇಲ್ಲಿ ಮೊದಲನೆಯ ಸಲಕ್ಕೇ ಹೂಂ ಅನ್ನಬೇಕು ಎಂದು ಅವಳಿಗೆ ಪಾಠ ಮಾಡಿದೆ. ಆಮೇಲೆ ಅವಳು ಕೇಳುವ ಮೊದಲೇ ಹೂಂ ಅನ್ನತೊಡಗಿದಳು.

ಮಧ್ಯಾಹ್ನ ಗುಡ್ಡಕ್ಕೆ ಹೋದೆವು. ಸೀರೆಯ ಮೇಲೆ ಇಂಗ್ರಿಡ್ ಕೊಟ್ಟ ಉಣ್ಣೆಯ ಅಂಗಿ, ಕಾಲಿಗೆ ರಬ್ಬರ್ ಬೂಟು, ಸೊಂಟಕ್ಕೆ ಸೆರಗು ಸಿಕ್ಕಿಸಿ ಚಿಗವ್ವ ಎಲ್ಲರಿಗಿಂತ ಮುಂದೆ. ಬಿಯರಿಗೆ ಮೂರು ಬೇಕಿತ್ತು. ಮುಳ್ಳೆಲೆಯ ಜುನಿಪರ್ ಟೊಂಗೆ, ಇಂಗ್ಲಿಷಿನಲ್ಲಿ ‘ಯ್ಯಾರೋ’ ಎನ್ನುವ ಬಿಳಿ ಹೂವಿನ ಗಿಡ, ಜವುಳು ನೆಲದಲ್ಲಿ ಬೆಳೆಯುವ ಪೋರ್ಸ್ ಎಂಬ ಸಣ್ಣ ಎಲೆಯ ಪೊದೆ. ಪೋರ್ಸ್ ಎಲೆಯನ್ನು ತಿಕ್ಕಿ ಮೂಸಿದ ಚಿಗವ್ವ ಕಣ್ಣು ಮುಚ್ಚಿದಳು. ದವನ ಎಂದಳು. ದೇವರಿಗೆ ಏರಿಸುವ ದವನವನ್ನು ಇವರು ಕುಡಿಯುತ್ತಾರೆಯೇ ಎಂದು ಸ್ವಲ್ಪ ಹೊತ್ತು ಅವಳಿಗೆ ಚಿಂತೆ. ಇಂಗ್ರಿಡ್ ಒಂದು ಗಿಡದಿಂದ ಒಂದೇ ಚಿವುಟು ತೆಗೆದು ಮುಂದಿನದಕ್ಕೆ ಹೋಗುತ್ತಿದ್ದರು. ಚಿಗವ್ವನೂ ಮೂರೇ ಬೆರಳಿನಲ್ಲಿ ಅದನ್ನೇ ಮಾಡುತ್ತಿದ್ದಳು. ಗಿಡಕ್ಕೆ ನೋವಾಗಬಾರದು ಎಂಬ ಲೆಕ್ಕ ಇಬ್ಬರದೂ ಒಂದೇ. ನನ್ನ ಇಂಗ್ಲಿಷಿಗೆ ಆ ಮಧ್ಯಾಹ್ನ ಪೂರ್ತಿ ರಜೆ.

ಬರುವ ದಾರಿಯಲ್ಲಿ ಅಲ್ಲಿಯವರು ಕಳೆ ಎಂದು ಕಿತ್ತೆಸೆಯುವ ಹಳದಿ ಹೂವಿನ ಗಿಡವೊಂದನ್ನು ಚಿಗವ್ವ ಗುರುತು ಹಿಡಿದಳು. ನಮ್ಮ ಹೊಲದ ಹಕ್ಕರಕಿ ಸೊಪ್ಪಿನ ಅಕ್ಕನೋ ತಂಗಿಯೋ ಆಗಬೇಕು, ಎಲೆಗೆ ಅದೇ ಕಚ್ಚು, ಅದೇ ಕಹಿ. ಉಡಿ ತುಂಬ ತಂದು ತೊಳೆದು, ರೊಟ್ಟಿ ಮತ್ತು ಹಿಂಡಿಯ ಜೊತೆ ಹಸಿಯಾಗಿಯೇ ತಿಂದಳು. ಇಂಗ್ರಿಡ್ ಕೂಡ ತಿಂದು ನೀರು ಕುಡಿದರು, ಮತ್ತೆ ತಿಂದರು.

ತೊಂದರೆ ಬಂದದ್ದು ಸಂಜೆಗೆ. ದೀಪ ಹಚ್ಚುವ ಹೊತ್ತು ಯಾವುದು? ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವ ಮಾತೇ ಆಡುವುದಿಲ್ಲ. ಚಿಗವ್ವ ಕಡ್ಡಿಪೆಟ್ಟಿಗೆ ಹಿಡಿದು ಕಿಟಕಿಯ ಬಳಿ ಸೂರ್ಯನನ್ನು ಬೈಯುತ್ತ ಕಾದು ಕಾದು, ಕಡ್ಡಿಪೆಟ್ಟಿಗೆ ಹಿಡಿದೇ ನಿದ್ದೆ ಹೋದಳು.

ಬಳೆ, ಗುರುವಾರ

ಬೆಳಿಗ್ಗೆ ಅಂಗಳದ ಆಚೆಯ ಕೋಣೆಯಲ್ಲಿ ಇಂಗ್ರಿಡ್ ದೊಡ್ಡ ತಾಮ್ರದ ಹಂಡೆ ಇಟ್ಟು ಬೆಂಕಿ ಹಾಕಿದರು. ಈ ಬಿಯರ್ ಯಾತಕ್ಕೆ ಎಂದು ಆಗ ಹೇಳಿದರು. ಶನಿವಾರ ಅವರ ತಾಯಿಗೆ ತೊಂಬತ್ತು ತುಂಬುತ್ತದೆ. ತಾಯಿಗೆ ಈಗ ಹೆಸರುಗಳು ನೆನಪಿರುವುದಿಲ್ಲ, ಒಮ್ಮೊಮ್ಮೆ ಮಗಳನ್ನೂ ಯಾರು ಎಂದು ಕೇಳುತ್ತಾರೆ. ಆದರೆ ಹಿಂದಿನ ವರ್ಷ ಈ ಬಿಯರ್ ಬಾಯಿಗೆ ಇಟ್ಟೊಡನೆ, ಇದು ನಮ್ಮ ಮನೆಯದು ಎಂದಿದ್ದರಂತೆ. ಆ ಮಾತನ್ನು ಇನ್ನೊಮ್ಮೆ ಕೇಳಬೇಕು ಎಂದು ಇಂಗ್ರಿಡ್ ನಗುತ್ತಲೇ ಹೇಳಿದರು. ಹೇಳಿ, ಪೇಟೆಗೆ ಹೋಗಿ ಬರುತ್ತೇನೆ, ಬೆಂಕಿ ನೋಡಿಕೊಳ್ಳಿ ಎಂದು ಹೊರಟರು.

ಕೆಲಸ ನಡೆದಿರುವ ಮನೆಯಲ್ಲಿ ಕೈಕಟ್ಟಿ ಕೂಡುವುದು ನಮ್ಮ ಹೆಂಗಸರಿಗೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಬೀಗರ ಮನೆಗೆ ಹೋದರೂ ಚಿಗವ್ವ ಎರಡು ತಾಸಿನೊಳಗೆ ಅವರ ಪಾತ್ರೆ ತಿಕ್ಕುತ್ತಿರುತ್ತಾಳೆ. ಒಲೆಯ ಬೂದಿ ಇತ್ತು, ಬಿಸಿನೀರು ಇತ್ತು. ಅಲ್ಲಿದ್ದ ಬಕೀಟು, ಸೌಟು, ಮರದ ಬಾನಿ ಎಲ್ಲ ಫಳಫಳ ಎಂದವು. ಆ ಕೋಣೆಯ ಬಾಗಿಲ ಹಿಂದೆ ಒಂದು ಮರದ ಬಳೆ ತೂಗುಹಾಕಿತ್ತು. ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಸಿಂಬೆಯಷ್ಟು ದೊಡ್ಡದು, ಸಣ್ಣ ಸಣ್ಣ ಮರದ ತುಂಡು ಪೋಣಿಸಿ ಮಾಡಿದ್ದು. ಮೈತುಂಬ ಕಂದು ಬಣ್ಣದ ಒಣ ಕೊಳೆ. ಚಿಗವ್ವ ಅದನ್ನೂ ಬೂದಿ ಹಚ್ಚಿ, ಕುದಿನೀರಲ್ಲಿ ಅದ್ದಿ, ಸಂದುಸಂದು ತಿಕ್ಕಿ, ಬೇಲಿಯ ಗೂಟಕ್ಕೆ ಬಿಸಿಲಿಗೆ ಹಾಕಿದಳು. ನಾನು ಆಗ ನೀರು ತರಲು ಹೋಗಿದ್ದೆ. ಹಾಗೆಂದು ನೆನಪು.

ಇಂಗ್ರಿಡ್ ಬಂದವರು ಪಾತ್ರೆಗಳನ್ನು ನೋಡಿ ಬಹಳ ಖುಷಿಪಟ್ಟರು. ಆಮೇಲೆ ಬಾಗಿಲ ಹಿಂದೆ ನೋಡಿದರು. ಬಳೆ ಎಲ್ಲಿ ಎಂದರು. ನಾನು ಬೇಲಿಯತ್ತ ಕೈ ತೋರಿಸಿದೆ. ಅದು ನಿನ್ನೆ ಮೊನ್ನೆ ಕೊಂಡು ತಂದಂತೆ ಬೆಳ್ಳಗೆ ಹೊಳೆಯುತ್ತಿತ್ತು. ಅವರು ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತರು, ಅಷ್ಟೆ.

ಆ ಕೊಳೆಯೇ ಹೆಪ್ಪು. ಪ್ರತಿ ಸಲ ಬಿಯರ್ ಹುಳಿ ಬರುವಾಗ ಬಳೆಯನ್ನು ಅದರಲ್ಲಿ ಅದ್ದಿ ಒಣಗಿಸಿ ಇಡುತ್ತಾರೆ, ಮುಂದಿನ ಸಲ ಅದನ್ನೇ ಹಾಕುತ್ತಾರೆ. ಅವರ ಅಜ್ಜನ ಕಾಲದಿಂದ ನಡೆದುಬಂದದ್ದು. ಸ್ವಲ್ಪ ತೆಗೆದು ಫ್ರಿಜ್ಜಿನಲ್ಲಿ ಇಡಬೇಕು ಎಂದು ಪ್ರತಿ ವರ್ಷ ಅಂದುಕೊಂಡು ಪ್ರತಿ ವರ್ಷ ಮರೆತಿದ್ದರು. ನಾನು ಕನ್ನಡದಲ್ಲಿ ಹೇಳುತ್ತಿದ್ದಂತೆ ಚಿಗವ್ವನ ಕೈ ತಾನಾಗಿ ಸೆರಗಿನಲ್ಲಿ ಅಡಗಿತು. ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು:

"ನಾ ತೊಳದೇನಿ ಅಂತ ಹೇಳು. ಮುದುಕಿಗಿ ತಿಳೀಲಿಲ್ಲಂತ ಹೇಳು."

ಹೇಳಿದೆ. ಅಂಗಡಿಯಲ್ಲಿ ಪೊಟ್ಟಣದ ಹೆಪ್ಪು ಸಿಗುತ್ತದೆ, ಬಿಯರೂ ಆಗುತ್ತದೆ ಎಂದರು ಇಂಗ್ರಿಡ್. ಅಮ್ಮನಿಗೆ ಮಾತ್ರ ಗುರುತು ಸಿಗುವುದಿಲ್ಲ.

ಚಿಗವ್ವ ಅವರ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತಳು. ಮೊಸರು ಕೆಟ್ಟರೆ ನಾವು ಹೊಸ ಆಕಳು ಹುಡುಕುತ್ತೇವೆಯೇ, ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುತ್ತೇವೆ. ಈ ಹೆಪ್ಪನ್ನು ಇವರು ಯಾರಿಗಾದರೂ ಕೊಟ್ಟಿದ್ದಾರೆಯೇ ಕೇಳು ಎಂದಳು. ಕೇಳಿದೆ. ಇಂಗ್ರಿಡ್ ಗುಡ್ಡದ ಮೇಲಿನ ಕೆಂಪು ಮನೆಯತ್ತ ನೋಡಿದರು. ಅಲ್ಲಿ ಕ್ನೂಟ್ ಎಂಬ ಮುದುಕ ಒಬ್ಬರೇ ಇರುತ್ತಾರೆ. ಇಂಗ್ರಿಡ್ ಅವರ ಅಪ್ಪನ ಕಾಲದಲ್ಲಿ ಆ ಮನೆಗೆ ಹೆಪ್ಪು ಹೋಗಿತ್ತು. ಆದರೆ ಅವರ ಆಡುಗಳು ಇವರ ಸೇಬಿನ ಗಿಡ ತಿಂದು, ಇವರು ಕಚೇರಿಗೆ ಅರ್ಜಿ ಕೊಟ್ಟು, ಎರಡೂ ಮನೆಯ ಮಾತು ನಿಂತು ಒಂಬತ್ತು ವರ್ಷ.

ಅರ್ಥ ಹೇಳಿದಾಗ ಚಿಗವ್ವನ ಮುಖ ಅರಳಿತು. ಇಷ್ಟು ದಿನದಲ್ಲಿ ಮೊದಲ ಬಾರಿ ಅವಳಿಗೆ ಪೂರ್ತಿ ತಿಳಿದ ವಿಷಯ ಸಿಕ್ಕಿತ್ತು. ಆಡು, ಬೇಲಿ, ಅರ್ಜಿ.

ಕೆಂಪು ಮನೆಯ ದಾರಿ, ಅದೇ ದಿನ

ಹಂಡೆಯಲ್ಲಿ ಜುನಿಪರ್ ನೀರು, ಮೊಳಕೆ ಬಾರ್ಲಿ, ಎಲೆಗಳು ಎಲ್ಲ ಕುದಿದು ಬಸಿಯುವ ಹೊತ್ತಿಗೆ ಸಂಜೆ. ಆ ರಸ ಕಾಕಂಬಿಯಂತೆ ಸಿಹಿ. ಇದಕ್ಕೆ ಇನ್ನೂ ಅಮಲು ಬಂದಿಲ್ಲ ಎಂದು ಇಂಗ್ರಿಡ್ ಖಾತ್ರಿ ಕೊಟ್ಟ ಮೇಲೆ ಚಿಗವ್ವ ಎರಡು ಬಟ್ಟಲು ಕುಡಿದಳು. ಹೆಪ್ಪು ಹಾಕುವವರೆಗೆ ಇದು ಹಾಲು ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡಳು.

ಆಮೇಲೆ ಅವಳಿಗೆ ಅವಸರ ಶುರುವಾಯಿತು. ನಮ್ಮ ಕಡೆ ದೀಪ ಹಚ್ಚಿದ ಮೇಲೆ ಯಾರೂ ಹೆಪ್ಪು ಕೊಡುವುದಿಲ್ಲ, ಕೇಳಿದರೆ ಬೈಸಿಕೊಳ್ಳಬೇಕು. ಗಡಿಯಾರ ಎಂಟು ತೋರಿಸುತ್ತಿತ್ತು. ಗುಡ್ಡದ ಮೇಲೆ ಬಿಸಿಲು ನಮ್ಮ ನಾಲ್ಕು ಗಂಟೆಯಂತೆ ಬಿದ್ದಿತ್ತು. ನಿನ್ನೆ ಇಡೀ ಸಂಜೆ ಬೈದ ಸೂರ್ಯನಿಗೆ ಚಿಗವ್ವ ಇವತ್ತು ಕೈ ಮುಗಿದಳು. ಬರಿಗೈಯಲ್ಲಿ ಹೋಗಬಾರದೆಂದು ಉಳಿದಿದ್ದ ಹಿಂಡಿ ಡಬ್ಬಿ ತೆಗೆದುಕೊಂಡಳು. ಇಂಗ್ರಿಡ್ ತಮ್ಮ ಗೇಟಿನವರೆಗೆ ಬಂದು ಅಲ್ಲೇ ನಿಂತರು. ಮುಂದೆ ಕಾಲು ಬರಲಿಲ್ಲ.

ಕ್ನೂಟ್ ಬಾಗಿಲು ತೆರೆದರು. ಉದ್ದ, ತೆಳ್ಳಗೆ, ಬಿಳಿ ಹುಬ್ಬು. ನಾನು ಇಂಗ್ಲಿಷಿನಲ್ಲಿ ಪ್ರಬಂಧದ ಪೀಠಿಕೆಯಂತೆ ಏನೋ ಶುರುಮಾಡಿದೆ. ಚಿಗವ್ವ ನನ್ನನ್ನು ಪಕ್ಕಕ್ಕೆ ಸರಿಸಿ ನೇರ ಕನ್ನಡದಲ್ಲೇ ಹೇಳಿದಳು:

"ಮುತ್ಯಾ, ತಪ್ಪು ನಂದದರಿ. ಅವ್ರ ಮನಿ ಹೆಪ್ಪ ನಾ ತೊಳದು ಹಾಳ ಮಾಡೇನಿ. ನಿಮ್ಮಲ್ಲಿ ಅದಂತಲ್ರಿ, ಹೊತ್ತು ಮುಣಗೂದ್ರೊಳಗ ಒಂದೀಟು ಕೊಡ್ರಿ. ನಿಮ್ಮ ಆಡಿನ ಮಾತು ನೀವು ಆಮ್ಯಾಲ ನೋಡ್ಕೋರಿ."

ಅವರಿಗೆ ಏನು ತಿಳಿಯಿತೋ. ಅವಳ ಕೈಯಲ್ಲಿದ್ದ ಡಬ್ಬಿ ತೆಗೆದುಕೊಂಡು ಮುಚ್ಚಳ ಬಿಚ್ಚಿ ಮೂಸಿದರು. ನಾನು ಬೇಡ ಎನ್ನುವಷ್ಟರಲ್ಲಿ ಸೀನು ಶುರು. ಸೀನುತ್ತಲೇ ಒಳಗೆ ಹೋದರು. ಬಹಳ ಹೊತ್ತಿನ ಮೇಲೆ ಉಣ್ಣೆಯ ಕಾಲುಚೀಲದಲ್ಲಿ ಬೆಚ್ಚಗೆ ಸುತ್ತಿದ ಗಾಜಿನ ಬಾಟಲಿ ಹಿಡಿದು ಬಂದರು. ನಾನು ಕೈ ಚಾಚಿದರೆ ಕೊಡಲಿಲ್ಲ. ಬೂಟು ಹಾಕಿಕೊಂಡು ನಮಗಿಂತ ಮುಂದೆ ಇಳಿಯತೊಡಗಿದರು.

ಗೇಟಿನ ಬಳಿ ಇಬ್ಬರೂ ತಮ್ಮ ಭಾಷೆಯಲ್ಲಿ ನಾಲ್ಕೈದು ಮಾತು ಆಡಿದರು. ಏನಂದರು ಎಂದು ಆಮೇಲೆ ಇಂಗ್ರಿಡ್ ಅವರನ್ನು ಕೇಳಿದೆ. ನಿನ್ನ ಅಜ್ಜನದನ್ನು ತಂದಿದ್ದೇನೆ ಎಂದು ಅವರು, ಒಳಗೆ ಬಾ ಎಂದು ಇವರು. ಅಷ್ಟೇ ಅಂತೆ. ಒಂಬತ್ತು ವರ್ಷದ ಜಗಳ ಇಷ್ಟು ಅಗ್ಗಕ್ಕೆ ಮುಗಿದದ್ದು ಚಿಗವ್ವನಿಗೆ ಸ್ವಲ್ಪ ನಿರಾಸೆಯೇ ಆಯಿತು.

ಹೆಪ್ಪು ಹಾಕುವಾಗ ಒಂದು ಪದ್ಧತಿಯಿದೆ. ಎಲ್ಲರೂ ಬಾನಿಯೊಳಗೆ ಮುಖವಿಟ್ಟು ಜೋರಾಗಿ ಕೂಗಬೇಕು. ಕೂಗಿದಷ್ಟು ಬಿಯರಿಗೆ ಜೋರು ಬರುತ್ತದೆ. ಇಂಗ್ರಿಡ್ ಕೂಗಿದರು. ಕ್ನೂಟ್ ತಮ್ಮ ಆಡಿನಂತೆಯೇ ಕೂಗಿದರು, ಅದಕ್ಕೆ ಇಂಗ್ರಿಡ್ ನಕ್ಕರು. ಚಿಗವ್ವ ಸೆರಗು ಸಿಕ್ಕಿಸಿ, ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು ಹಕ್ಕಿ ಓಡಿಸುವ ಕೂಗು ತೆಗೆದಳು. ಅದು ಗೊಬ್ಬೂರದ ನಾಲ್ಕು ಹೊಲ ದಾಟುವ ಕೂಗು. ಬಾನಿಯ ರಸ ನಡುಗಿತು. ಕೋಣೆಯ ಮಾಳಿಗೆಯಿಂದ ನಿಜವಾಗಿಯೂ ಎರಡು ಹಕ್ಕಿ ಹಾರಿಹೋದವು.

ನನ್ನ ಸರದಿ ಬಂತು. ಬಗ್ಗಿದೆ. ಬಾಯಿ ತೆರೆದೆ. ಎಂಟು ವರ್ಷ ತರಗತಿಯಲ್ಲಿ ಸದ್ದು ಮಾಡಬೇಡಿ ಎಂದು ಹೇಳಿದ ಗಂಟಲು ಅದು. ಹುಂ ಎಂಬ ಒಂದು ಸಣ್ಣ ಶಬ್ದ ಹೊರಟಿತು. ಎಲ್ಲರೂ ಸಭ್ಯತೆಯಿಂದ ಚಪ್ಪಾಳೆ ತಟ್ಟಿದರು.

ಶನಿವಾರ

ಇಂಗ್ರಿಡ್ ಅವರ ತಾಯಿಯನ್ನು ಗಾಲಿಕುರ್ಚಿಯಲ್ಲಿ ಅಂಗಳಕ್ಕೆ ತಂದರು. ಹಕ್ಕಿಮರಿಯಂಥ ಮುದುಕಿ, ನೀಲಿ ಕಣ್ಣು. ಮೊದಲ ಬಟ್ಟಲು ಅವರಿಗೆ. ಬೆಲ್ಲದ ಪಾಕದ ಬಣ್ಣ, ಮೇಲೆ ತೆಳ್ಳನೆ ನೊರೆ. ನೆರೆಹೊರೆಯವರೆಲ್ಲ ಮಾತು ನಿಲ್ಲಿಸಿದರು. ಚಿಗವ್ವ ಮಾಳದ ಮಣಿ ಹಿಡಿದು ಏನೋ ಗೊಣಗುತ್ತಿದ್ದಳು. ಬಿಯರಿಗಾಗಿ ಪಂಢರಪುರದ ವಿಠ್ಠಲನನ್ನು ಬೇಡಿಕೊಂಡ ಮೊದಲ ಹೆಂಗಸು ಇವಳೇ ಇರಬೇಕು.

ಮುದುಕಿ ಒಂದು ಗುಟುಕು ಕುಡಿದರು. ಮಗಳ ಮುಖ ನೋಡಿದರು, ಕ್ನೂಟ್ ಮುಖ ನೋಡಿದರು, ಮತ್ತೆ ಬಟ್ಟಲು ನೋಡಿದರು. ಏನೋ ಅಂದರು. ಅಂಗಳ ಗೊಳ್ಳೆಂದು ನಕ್ಕಿತು. ಇಂಗ್ರಿಡ್ ಕಣ್ಣು ಒರೆಸಿಕೊಳ್ಳುತ್ತ ನಮಗೆ ಹೇಳಿದರು: "ನಮ್ಮ ಮನೆಯದೇ, ಆದರೆ ಇಂಗ್ರಿಡ್ ಎಂದಿನಂತೆ ಪೋರ್ಸ್ ಜಾಸ್ತಿ ಹಾಕಿದ್ದಾಳೆ." ಮಗಳ ಹೆಸರು ಹಿಡಿದೇ ಹೇಳಿದ್ದರು.

ಆಮೇಲೆ ನಾನು ಕುಡಿದೆ. ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಒಮ್ಮೆ ಬಿಯರ್ ರುಚಿ ನೋಡಿ ಸಾಬೂನಿನ ನೀರೆಂದು ಉಗುಳಿದವಳು. ಇದು ಬೇರೆ. ಮೊದಲು ನಾಲಿಗೆಯ ತುದಿಗೆ ಹಣ್ಣು, ಆಮೇಲೆ ಗಂಟಲಿನಲ್ಲಿ ಹಸಿರು ಕಹಿ, ಕೊನೆಗೆ ಮೂಗಿನೊಳಗಿಂದ ಯಾರೋ ದವನದ ಕಟ್ಟು ಹಿಡಿದು ನಡೆದುಹೋದ ಹಾಗೆ. ಹೀಗೆ ಈಗ ಬರೆಯುತ್ತಿದ್ದೇನೆ. ಆ ದಿನದ ಡೈರಿಯಲ್ಲಿ ಇರುವುದು ಮೂರೇ ಸಾಲು: "ಹುಳಿ ಮಾವು. ಅಲ್ಲ. ಜಾಲಿ ಹೂವು. ಅಲ್ಲ. ಚಿಗವ್ವನ ಸೆರಗು." ಮೂರನೆಯ ಸಾಲು ಪುಟದ ಅಂಚು ದಾಟಿ ಹೋಗಿದೆ. ನೆನಪನ್ನು ನಂಬಬಾರದೆಂದೇ ದಿನಾ ಡೈರಿ ಬರೆಯುವವಳು ನಾನು.

ಚಿಗವ್ವ ಬಟ್ಟಲನ್ನು ಮೂಗಿನ ಕೆಳಗೆ ಹಿಡಿದು, ತುಟಿಗೆ ತಾಗಿಸದೆ, ಒಂದೊಂದಾಗಿ ಹೇಳಿದಳು. ದವನ, ಮೋಸಂಬಿ ಸಿಪ್ಪೆ, ಈಗಷ್ಟೇ ಸೀಳಿದ ಹಸಿ ಕಟ್ಟಿಗೆ. ನಾನು ಇಂಗ್ಲಿಷಿಗೆ ತಿರುಗಿಸಿದೆ. ಕುಡಿದವರೆಲ್ಲ ಹೌದು ಹೌದು ಎಂದರು. ಊರಿನಲ್ಲಿ ನಾನು ಹಂಚಿದ ಉತ್ತರಗಳೆಲ್ಲ ಅವಳ ಮೂಗಿನಿಂದ ಕದ್ದವು ಎಂದು ಇದನ್ನು ಬರೆಯುವಾಗ ಹೊಳೆಯುತ್ತಿದೆ.

ಮೂರನೆಯ ಬಟ್ಟಲಿನ ನಂತರದ್ದು ಚಿಗವ್ವ ಹೇಳಿದ್ದು. ನಾನು ಅಂಚೆ ಕಚೇರಿಯ ನಿವೃತ್ತರಿಗೂ ಆಡು ಕಾಯುವವರಿಗೂ ಜುನಿಪರ್ ಕೋಲು ಕೊಟ್ಟು ಕೋಲಾಟ ಕಲಿಸಿದೆನಂತೆ. ಗಾಲಿಕುರ್ಚಿಯ ಅಜ್ಜಿಗೂ ಎರಡು ಕೋಲು ಕೊಟ್ಟೆನಂತೆ. ತಾಳ ತಪ್ಪಿದ್ದು ನಾನೊಬ್ಬಳೇ ಅಂತೆ.

ಜೇವರ್ಗಿ, ಮತ್ತೆ ಗೊಬ್ಬೂರ

ಇಷ್ಟನ್ನೂ ನಾನು ನೆನಪಿನಿಂದಲೇ ಬರೆದೆ. ಶನಿವಾರದ ಆ ಮೂರು ಸಾಲು ಬಿಟ್ಟರೆ ಡೈರಿಯ ಪುಟ ತಿರುವಿರಲಿಲ್ಲ. ಬರೆದು ಮುಗಿದ ಮೇಲೆ ಗಿಡಗಳ ಹೆಸರು ಸರಿಯಿದೆಯೇ ನೋಡಲು ಗುರುವಾರದ ಪುಟ ತೆರೆದೆ. ಅಕ್ಷರಗಳು ನನ್ನವೇ, ನೆಟ್ಟಗಿವೆ, ಆವತ್ತು ನಾನು ಹನಿ ಕೂಡ ಕುಡಿದಿರಲಿಲ್ಲ.

"ಬಾಗಿಲ ಹಿಂದೆ ಕೊಳಕಾದ ಮರದ ಬಳೆ. ತೆಗೆದು ಚಿಗವ್ವನಿಗೆ ಕೊಟ್ಟೆ. ಅವರು ಬಂದ ಮೇಲೆ ಕೇಳಿ ತೊಳೆಯೋಣ ಎಂದಳು. ಕೇಳುವುದೇನು, ತಿಕ್ಕು ಎಂದೆ."

ನೀರು ತರಲು ಹೋದ ಮಾತು ಎಲ್ಲೂ ಇಲ್ಲ.

ಒಂದು ವರ್ಷದಿಂದ ಈ ಕಥೆಯನ್ನು ಎಷ್ಟು ಮಂದಿಗೆ ಹೇಳಿ ನಗಿಸಿದ್ದೇನೆ. ಗೊಬ್ಬೂರದಲ್ಲಿ ಹೆಂಗಸರು ಇವತ್ತಿಗೂ ಪಾತ್ರೆ ತೊಳೆಯಲು ಚಿಗವ್ವ ಕೂತರೆ, ನಾಗಮ್ಮಾ ಹೆಪ್ಪು ಇತ್ತೇನು ನೋಡ್ಕೋ ಎನ್ನುತ್ತಾರೆ. ಅದನ್ನು ಹಬ್ಬಿಸಿದವಳು ನಾನೇ. ಮೇಲೆ ಬರೆದದ್ದನ್ನು ತಿದ್ದಿಲ್ಲ. ನಾನು ಹೇಗೆ ಮರೆತೆ ಎಂಬುದಕ್ಕೆ ಅದು ಸಾಕ್ಷಿಯಾಗಿ ಇರಲಿ.

ಭಾನುವಾರ ಡೈರಿ ಹಿಡಿದು ಗೊಬ್ಬೂರಕ್ಕೆ ಹೋದೆ. ಚಿಗವ್ವ ಒಲೆಯ ಮುಂದೆ ಹಾಲು ಆರಿಸುತ್ತಿದ್ದಳು. ಓದಿ ಹೇಳಿದೆ. ಅವಳು ತಲೆ ಎತ್ತಲಿಲ್ಲ.

"ಅದೇನ್ ಓದ್ತಿ. ನನಗ ಗೊತ್ತಿಲ್ಲೇನು?"

ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

"ಆ ಊರಾಗ ನಮ್ಮಿಬ್ರಿಗಿ ಬಾಯಿ ಅಂದ್ರ ನೀನೇ ಬೇ. ಬಾಯಿನೇ ತಪ್ಪ ಮಾಡೇದ ಅಂದ್ರ ಮುಂದ ಮಾತ್ಯಾರು ಆಡೂರು? ನಾ ಅಂದ್ರ ಮುದುಕಿ ಅಂತ ಬಿಟ್ಟಾರು."

ಅದು ಅಲ್ಲಿಯ ಮಾತಾಯಿತು, ಇಲ್ಲಿಗೆ ಬಂದ ಮೇಲಾದರೂ ಹೇಳಬಹುದಿತ್ತಲ್ಲ ಎಂದೆ. ಈಗ ಅವಳಿಗೆ ನಗು ತಡೆಯಲಾಗಲಿಲ್ಲ.

"ನೀ ಎಷ್ಟ್ ಛಲೋ ಹೇಳ್ತಿದ್ದಿ. ಎಲ್ಲಾರೂ ನಗ್ತಿದ್ರು. ಕುಡದಾಕಿ ನೀ, ನೆಪ್ಪು ನನ್ನಲ್ಲಿ ಅದ, ಎಲ್ಲಿ ಹೋಗ್ತದ ಅಂತ ಬಿಟ್ಟಿದ್ನಿ."

ನಾಳೆ ಆ ಹೆಂಗಸರಿಗೆಲ್ಲ ನಾನೇ ಹೇಳುತ್ತೇನೆ ಎಂದೆ. ನಾಳೆ ಯಾಕೆ ಎನ್ನುತ್ತ ಅವಳು ಬಟ್ಟಲಿನಿಂದ ಒಂದು ಚಮಚ ಮೊಸರು ತೆಗೆದು ಹಾಲಿಗೆ ಬಿಟ್ಟಳು. ಗಡಿಗೆಯನ್ನು ನನ್ನ ಮುಂದೆ ಸರಿಸಿದಳು. ಓಣಿಯ ಬಾಗಿಲು ತೆರೆದೇ ಇತ್ತು, ಕಟ್ಟೆಯ ಮೇಲೆ ಅದೇ ಹೆಂಗಸರು ಕೂತಿದ್ದರು.

"ಅಲ್ಲಂತೂ ಒದರ್ಲಿಲ್ಲ. ಈಗರ ಒದರು."

ನಾನು ಬಗ್ಗಿ, ಗಡಿಗೆಗೆ ಮುಖವಿಟ್ಟು, ತೊಳೆಸಿದಾಕಿ ನಾನೇ ಎಂದು ಕೂಗಿದೆ. ಓಣಿಯ ನಾಯಿಗಳೆಲ್ಲ ಎದ್ದು ಬೊಗಳಿದವು.

ಮಾರನೆಯ ದಿನ ಮೊಸರು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಇದನ್ನು ಮಾತ್ರ ಅಲ್ಲೇ ಕೂತು ಆಗಲೇ ಡೈರಿಯಲ್ಲಿ ಬರೆದುಕೊಂಡು, ಚಿಗವ್ವನ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದಿದ್ದೇನೆ.